ಕೌದಿಯ ಹೊಟ್ಟೆ ಬಗೆದವರು

ಮೆಣಸಿನಕಾಯಿ ಕೆಲಸಕ್ಕೆ ಬ್ಯಾಡಗಿಗೆ ಒಯ್ಯುವ ಟೆಂಪೋ ಇನ್ನೂ ಬಂದಿರಲಿಲ್ಲ. ಶೆಡ್ಡಿನ ಹೆಂಗಸರು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ರಸ್ತೆಯ ಬದಿಗೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಟೆಂಪೋದ ಬದಲು ಸುಭಾಷನ ಬೈಕು ಬಂತು.

ಸುಭಾಷ ಸರಕಾರಿ ನೌಕರನಲ್ಲ. ಆದರೆ ಸರಕಾರದಿಂದ ಶೆಡ್ಡಿಗೆ ಏನು ಬರಬೇಕಾದರೂ ಅವನ ಕೈ ದಾಟಿಯೇ ಬರಬೇಕು. ಅಕ್ಕಿಯಾಗಲಿ, ತಾಡಪತ್ರಿಯಾಗಲಿ, ಬರೀ ಸುದ್ದಿಯಾಗಲಿ. ಅವತ್ತು ಅವನು ಕೊಡಲು ಬಂದಿರಲಿಲ್ಲ, ಇಸಿದುಕೊಳ್ಳಲು ಬಂದಿದ್ದ.

“ಹೊಳಿ ಬಂದ ವರ್ಷ ಸರಕಾರ ಮನಿಗೊಂದು ಕಂಬಳಿ ಕೊಟ್ಟಿತ್ತಲ್ಲ, ಬೂದಿ ಬಣ್ಣದ್ದು? ಅವನ್ನ ವಾಪಸ್ ಕೊಡ್ರಿ. ಗುರುವಾರ ಅನ್ನೂದ್ರಾಗ. ಒಗದು, ಒಣಗಿಸಿ, ಮಡಚಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ರಮಜಾನಬಿಯ ಬಾಯಿ ಮೊದಲೇ ಜೋರು. “ಅವಾಗ ಅಕ್ಕಿನೂ ಕೊಟ್ಟಿದ್ದಿ ಸುಭಾಸಣ್ಣ. ಅದೂ ವಾಪಸ್ ಬೇಕಾ? ನಾಳಿ ನಸುಕಿನ್ಯಾಗ ಬಯಲಕಡಿ ಬಾ, ಎಲ್ಲಾರೂ ಕೂಡೇ ಕೊಡ್ತೇವಿ.”

“ನಗ್ರಿ, ನಗ್ರಿ. ಸಮುದ್ರದಾಚಿ ದೇಶದಾಗ ಯುದ್ಧ ಹತ್ತೈತಿ. ಮಂದಿ ಮನಿಮಾರು ಬಿಟ್ಟು ಓಡಿಬಂದು ಬಯಲಾಗ ಬಿದ್ದಾರ. ನಿರಾಶ್ರಿತರು ಅಂತಾರ ಅವರಿಗೆ. ನಮ್ಮ ಸರಕಾರ ಅವರಿಗೆ ಕೋಟಿಗಟ್ಲೆ ಖರ್ಚು ಮಾಡಿ ಸಾಮಾನು ಕಳಸಾಕತ್ತೈತಿ. ಪೇಪರಿನಾಗ ಬಂದೈತಿ. ನಮ್ಮ ಜಿಲ್ಲಾದ ಪಾಲಿಗೆ ಕಂಬಳಿ ಕಳಸೂದು ಬಂದೈತಿ.”

“ಕೋಟಿಗಟ್ಲೆ ಖರ್ಚು ಮಾಡೋರಿಗೆ ನಮ್ಮ ಹರಕ ಕಂಬಳಿ ಯಾಕ ಬೇಕಪಾ?” ಅಂದಳು ಉಡಚವ್ವ. ಅವಳು ಆ ಗುಂಪಿನಲ್ಲೇ ಹಿರಿಯಳು. ಜೋರಾಗಿ ಮಾತಾಡಿದವಳಲ್ಲ. ತಿಳಿಯಲಿಲ್ಲ, ಅದಕ್ಕೇ ಕೇಳಿದಳು.

ಸುಭಾಷ ಅವಳ ಕಡೆ ನೋಡಲಿಲ್ಲ. “ಗುರುವಾರ ಮಂತ್ರಿ ಸಾಹೇಬರು ಬರತಾರ. ದಿನ್ನಿ ಮ್ಯಾಲ ನಿಮಗಂತ ಕಟ್ಟಿದ ಮನಿಗಳ ಕೀಲಿ ಕೊಡತಾರ. ಅದ ಕಾರ್ಯಕ್ರಮದಾಗ ಕಂಬಳಿ ಲಾರಿಗೆ ನಿಶಾನಿ ತೋರಸ್ತಾರ. ಕಂಬಳಿ ಕೊಟ್ಟವರಿಗೆ ಕೀಲಿ. ಕೊಡದವರು ಶೆಡ್ಡಿನಾಗ ಬಿದ್ದಿರ್ರಿ, ನಂದೇನು ಹೋಗೋದು.”

ನಗು ಅಲ್ಲಿಗೇ ನಿಂತಿತು.

ತುಂಗಭದ್ರೆ ಕೆಳಗಿನ ಓಣಿಯನ್ನು ನುಂಗಿದಾಗಿನಿಂದ ಇವರೆಲ್ಲ ತಗಡಿನ ಶೆಡ್ಡಿನಲ್ಲಿದ್ದರು. ಮುಂದಿನ ಮಳೆಗಾಲದೊಳಗೆ ಮನೆ ಎಂದು ಹೇಳಿ ಕೂಡಿಸಿದ್ದರು. ಅಲ್ಲಿ ಹುಟ್ಟಿದ ಕೂಸುಗಳು ಈಗ ಸಾಲಿಗೆ ಹೋಗುತ್ತಿದ್ದವು. ಬೇಸಿಗೆಯಲ್ಲಿ ತಗಡು ರೊಟ್ಟಿಯ ಹೆಂಚಿನಂತೆ ಕಾಯುತ್ತಿತ್ತು. ಚಳಿಗಾಲದಲ್ಲಿ ಅದೇ ತಗಡು ಬೆವರಿ, ಮಲಗಿದವರ ಮುಖದ ಮೇಲೆ ಹನಿಯುತ್ತಿತ್ತು. ಉಡಚವ್ವನ ಮಗಳು ದುರ್ಗಾ ಮೊದಲನೆಯ ಚಳಿಗಾಲವನ್ನೇ ದಾಟಲಿಲ್ಲ. ಹಸಿ ಬಾಣಂತಿ. ಕೂಸು ಮೊದಲು ಹೋಯಿತು, ಹಿಂದೆಯೇ ಅವಳು ಹೋದಳು. ಉಡಚವ್ವ ಅವಳಿಗೆ ಸರಕಾರದ ಬೂದಿ ಕಂಬಳಿ ಹೊದಿಸಿದ್ದಳು. ಅದರ ಮೇಲೆ ತನ್ನ ಸೀರೆ ಬಿಚ್ಚಿ ಹೊದಿಸಿ, ತಾನು ಬರೀ ಲಂಗದಲ್ಲಿ ಅವಳನ್ನು ತಬ್ಬಿಕೊಂಡು ಕುಳಿತಿದ್ದಳು. ಕಂಬಳಿ ಎಂಬುದು ಹೆಸರಿಗೆ. ಅದರಲ್ಲಿ ಉಣ್ಣೆ ಇರಲಿಲ್ಲ. ಬಾಯಿಂದ ಊದಿದರೆ ಗಾಳಿ ಆಚೆ ಹೋಗುತ್ತಿತ್ತು.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಉಡಚವ್ವ ಸೂಜಿ ಹಿಡಿದಳು. ಕೌದಿ ಹೊಲಿಯುವುದು ಅವಳ ಕಸುಬು. ಬೂದಿ ಕಂಬಳಿಯನ್ನು ನಡುವೆ ಇಟ್ಟು, ಕೆಳಗೆ ಮೇಲೆ ದುರ್ಗಾನ ಹಳೆಯ ಸೀರೆ ಹಾಸಿ ಒತ್ತೊತ್ತಾಗಿ ಹೊಲಿದಳು. ಬೆಚ್ಚಗಾಯಿತು. ಅದನ್ನು ನೋಡಿ ರಮಜಾನಬಿ ತನ್ನ ಕಂಬಳಿ ತಂದಳು. ಆಮೇಲೆ ಒಬ್ಬೊಬ್ಬರೇ ಎಲ್ಲರೂ ತಂದರು. ಶೆಡ್ಡಿನ ಸಾಲಿನಲ್ಲಿ ಸರಕಾರದ ಕಂಬಳಿ ಈಗ ಒಂದೂ ಉಳಿದಿರಲಿಲ್ಲ. ಎಲ್ಲವೂ ಕೌದಿಗಳ ಹೊಟ್ಟೆಯೊಳಗಿದ್ದವು.

ಅದನ್ನು ಹೇಳಿದರೆ ಸುಭಾಷ ಬೈಕಿಗೆ ಒದ್ದು ಚಾಲೂ ಮಾಡಿದ. “ಹಂಗಾರ ಹೊಟ್ಟಿ ಬಗದು ತಗೀರಿ.”

ಅವತ್ತು ಬ್ಯಾಡಗಿಗೆ ಯಾರೂ ಹೋಗಲಿಲ್ಲ.

ಖರೇ ಸಂಗತಿಯನ್ನು ಹೇಳಿದವನು ಕನಕಪ್ಪ. ಅವನೂ ಶೆಡ್ಡಿನವನೇ. ಪರಿಹಾರದ ಸಾಮಾನು ಇಡುವ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ. ಊಟಕ್ಕೆ ಬಂದವನು ಹೆಂಗಸರು ಕೌದಿ ಹರವಿಕೊಂಡು ಕುಳಿತದ್ದನ್ನು ಕಂಡು ಬಾಗಿಲಲ್ಲೇ ನಿಂತ.

“ಗೋದಾಮಿನಾಗ ಹೆಗ್ಗಣ ಬಿಟ್ರ ಏನೂ ಇಲ್ಲ ಯಕ್ಕಾ. ಹೊಸಾ ಕಂಬಳಿ ಬಂದಿದ್ವು, ಖರೇ ಉಣ್ಣಿಯವು. ನಾನ ಹೊತ್ತು ಒಬ್ಬ ವ್ಯಾಪಾರಿ ಗಾಡಿಗೆ ಹಾಕೇನಿ. ಎಲ್ಲಿಗೆ ಹೋದ್ವು, ರೊಕ್ಕ ಯಾರು ತಿಂದ್ರು, ನನ್ನ ಕೇಳಬ್ಯಾಡ್ರಿ. ಈಗ ಮ್ಯಾಲಿಂದ ಹುಕುಂ ಬಂದೈತಿ, ಪರದೇಶಕ್ಕ ಕಂಬಳಿ ಕಳಸ್ರಿ ಅಂತ. ಇವರ ಕಡೆ ಎಲ್ಲಿ ಅದಾವ? ಅದಕ್ಕ ನಿಮ್ಮ ಮೈಮ್ಯಾಲಿಂದ ಕಸಗೊಳ್ಳಾಕತ್ತಾರ.”

“ನೀ ಅಲ್ಲೇ ಹೇಳಬೇಕಿತ್ತಿಲ್ಲೋ?” ಅಂದಳು ರಮಜಾನಬಿ.

“ಹೇಳಿದ್ರ ನಾಳಿ ಹಮಾಲಿ ಯಾರ ಕೊಡ್ತಾರ? ನೀನ?”

ರಮಜಾನಬಿ ತನ್ನ ಕೌದಿಯನ್ನು ಹತ್ತಿರ ಎಳೆದುಕೊಂಡಳು. ಎಲ್ಲರೂ ಬ್ಲೇಡು ಎತ್ತಿಕೊಂಡರು.

ಕೌದಿ ಹೊಲಿಯುವಾಗ ಬೆರಳು ನೋಯುತ್ತದೆ. ಬಿಚ್ಚುವಾಗ ಕಣ್ಣು, ಕುತ್ತಿಗೆ, ನಡು ಎಲ್ಲ ನೋಯುತ್ತವೆ. ಉಡಚವ್ವನ ಹೊಲಿಗೆ ಒತ್ತಾಗಿತ್ತು. ಹಾಕುವಾಗ ಅದೇ ಅವಳ ಹೆಮ್ಮೆ. ಈಗ ಪ್ರತಿ ಹೊಲಿಗೆಯ ಕೆಳಗೂ ಬ್ಲೇಡಿನ ಮೂಲೆ ತೂರಿಸಿ ಕೊಯ್ಯಬೇಕಿತ್ತು. ಹೆಂಗಸರ ಕೈಗಳು ಬ್ಯಾಡಗಿಯ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿದು ಮುರಿದು ಒಡೆದಿದ್ದವು. ಬ್ಲೇಡು ತಾಗಿದರೆ ರಕ್ತ ಬರುವ ಮೊದಲು ಖಾರದ ಉರಿ ಬರುತ್ತಿತ್ತು. ಕಣ್ಣೊರೆಸಿಕೊಳ್ಳುವಂತಿಲ್ಲ. ತೋಳಿನಿಂದ ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದರು.

“ಯಕ್ಕಾ, ನನ್ನ ಕೌದಿ ನೀನ ಬಿಚ್ಚು,” ಅಂದಳು ರಮಜಾನಬಿ. ಅವಳ ಕೌದಿಯ ಮೇಲ್ಹಾಸು ಗಂಡ ಅಲ್ಲಾಬಕ್ಷನ ಹಳೆಯ ಲುಂಗಿಗಳು. ಅವನು ತೀರಿಹೋಗಿ ಬಹಳ ದಿನವಾಗಿರಲಿಲ್ಲ. “ನನಗ ಅದರ ಮ್ಯಾಲ ಬ್ಲೇಡ ಇಡಾಕ ಆಗವಲ್ದು.”

ಉಡಚವ್ವ ಬಿಚ್ಚಿದಳು. ಇನ್ನೊಬ್ಬಳದನ್ನೂ ಬಿಚ್ಚಿದಳು. ಮತ್ತೊಬ್ಬಳದನ್ನೂ. ತಾನು ಹೊಲಿದುಕೊಟ್ಟದ್ದನ್ನು ತಾನೇ ಕೊಯ್ದಳು. ದುರ್ಗಾನ ಸೀರೆಯ ಕೌದಿಯನ್ನು ಕೊನೆಗೆ ಇಟ್ಟುಕೊಂಡಳು. ಅದನ್ನು ಬಿಚ್ಚುವಾಗ ಯಾರಿಗೂ ಮುಖ ತೋರಿಸಲಿಲ್ಲ, ಗೋಡೆಯ ಕಡೆ ತಿರುಗಿ ಕುಳಿತಳು.

ಬಗೆದ ಕೌದಿಗಳ ಮೂಲೆಯಿಂದ ಹುಡಿಹುಡಿಯಾದ ಜೋಳ ಉದುರಿತು. ಕೌದಿ ಮುಗಿಸುವಾಗ ಕಡೆಯ ಮೂಲೆಯಲ್ಲಿ ಒಂದು ಹಿಡಿ ಕಾಳು ಹಾಕಿ ಬಾಯಿ ಹೊಲಿಯುವುದು ಈ ಕಡೆಯ ಹೆಂಗಸರ ಪದ್ಧತಿ. ಹೊದೆಯುವುದರ ಹೊಟ್ಟೆ ಬರಿದಿರಬಾರದು. ಬರಿದಿದ್ದರೆ ಹೊದ್ದವರಿಗೂ ಹಸಿವು ತಪ್ಪುವುದಿಲ್ಲ ಎಂದು ನಂಬಿಕೆ. ರಮಜಾನಬಿ ಜೋಳದ ಜೊತೆಗೆ ಅಕ್ಕಿಯನ್ನೂ ಹಾಕಿಸಿದ್ದಳು. ಎಲ್ಲವನ್ನೂ ನುಸಿ ತಿಂದಿತ್ತು.

ಮರುದಿನ ಹೊಳೆಗೆ ಹೋಗಿ ಕಂಬಳಿ ಒಗೆದರು. ಯಾವ ಹೊಳೆ ಮನೆ ಒಯ್ದಿತ್ತೋ ಅದೇ ಹೊಳೆ. ನೀರು ಈಗ ಮೊಣಕಾಲುದ್ದ, ಏನೂ ಮಾಡದವರ ಹಾಗೆ ಹರಿಯುತ್ತಿತ್ತು. ಬಂಡೆಯ ಮೇಲೆ ಒಣಗಹಾಕಿ ನೆರಳಿನಲ್ಲಿ ಕುಳಿತಾಗ ರಮಜಾನಬಿಯ ಸೊಸೆ ತಸ್ಲೀಮ್ ಮೊಬೈಲು ತೆಗೆದು ತೋರಿಸಿದಳು.

“ದೊಡ್ಡವ್ವಾ, ಇವರ ನೋಡು ಆ ಮಂದಿ. ಇವರಿಗೆ ಹೋಗೋದಂತ ನಮ್ಮ ಕಂಬಳಿ.”

ಕೆಸರಿನಲ್ಲಿ ಜನ ಸಾಲುಗಟ್ಟಿ ನಡೆಯುತ್ತಿದ್ದರು. ಹೆಗಲ ಮೇಲೆ ಕೂಸು, ತಲೆಯ ಮೇಲೆ ಗಂಟು. ಒಬ್ಬ ಮುದುಕಿ ಬರಿಯ ಕೊಡವನ್ನು ಎದೆಗವಚಿಕೊಂಡು ನಡೆಯುತ್ತಿದ್ದಳು. ಯಾಕೆ ಹಿಡಿದಿದ್ದೇನೆ ಎಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ಉಡಚವ್ವ ಮೊಬೈಲನ್ನು ಕಣ್ಣ ಹತ್ತಿರ ತಂದುಕೊಂಡಳು. ಹೊಳೆ ಬಂದ ದಿನ ತಾನು ರೊಟ್ಟಿಯ ಹೆಂಚು ಹಿಡಿದುಕೊಂಡು ಓಡಿದ್ದಳು. ರೊಕ್ಕದ ಡಬ್ಬಿ ಬಿಟ್ಟು ಹೆಂಚು.

“ಪಾಪ,” ಅಂದಳು. “ಇವರೇನ ನಮ್ಮ ಕಂಬಳಿ ಕೇಳಿಲ್ಲ.”

“ಇಲ್ಲ. ಇವರಿಗೆ ನಾವು ಇರೋದ ಗೊತ್ತಿಲ್ಲ.”

“ಕಸಗೊಂಡವರು ಬ್ಯಾರೆ, ಹೊಚ್ಚಿಕೊಳ್ಳೋರು ಬ್ಯಾರೆ. ಹೊಚ್ಚಿಕೊಳ್ಳೋರ ಮ್ಯಾಲ ಸಿಟ್ಟು ಮಾಡಿ ಏನ ಮಾಡೋದು.” ಮೊಬೈಲು ತಿರುಗಿ ಕೊಡುತ್ತ ಅಂದಳು, “ಈ ಮುದುಕಿ ಕಡೆ ಹೋಗೋ ಕಂಬಳಿ ಹಂಗ ಬರಿಹೊಟ್ಟಿಲೇ ಹೋಗಬಾರದವಾ.”

ಯಾರೂ ಹೇಳಿರಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ. ಸಂಜೆ ಹೆಂಗಸರು ಮತ್ತೆ ಸೂಜಿ ಹಿಡಿದರು. ಪ್ರತಿ ಕಂಬಳಿಯ ಒಂದು ಮೂಲೆ ಮಡಚಿ, ಅದರೊಳಗೆ ಹಿಡಿ ಜೋಳ ಹಾಕಿ ಹೊಲಿದರು. ಮನೆಯಲ್ಲಿದ್ದ ಜೋಳ, ಮರುದಿನದ ರೊಟ್ಟಿಯದು. ಕಂಬಳಿ ಕಸಿದದ್ದು ಸರಕಾರಿ ಕಚೇರಿ. ಕಾಳು ಮಾತ್ರ ತಾವು ಕೊಟ್ಟದ್ದು. ಅಷ್ಟಾದರೂ ಇರಲಿ ಅಂದುಕೊಂಡರು. ರಮಜಾನಬಿಗೆ ಮತ್ತೆ ನಗು ಬಂತು. “ಆ ಮುದುಕಿಗೆ ರೊಟ್ಟಿ ಬಡಿಯಾಕ ಬರತೈತೋ ಇಲ್ಲೋ!”

“ಬರದಿದ್ರ ಅಂಬಲಿ ಕಾಸ್ತಾಳ ಬಿಡು,” ಅಂದಳು ಉಡಚವ್ವ.

ಗುರುವಾರ ಮುಂಜಾನೆ ದಿನ್ನೆಯ ಕೆಳಗೆ ಪೆಂಡಾಲು ಎದ್ದಿತ್ತು. ಸುಭಾಷ ಕಂಬಳಿಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸುತ್ತಿದ್ದ. ಚೀಲದ ಮೇಲೆ ಸಾಹೇಬರ ಫೋಟೋ, ಕೆಳಗೆ ‘ಪ್ರೀತಿಯ ಕಾಣಿಕೆ’ ಎಂದು ಅಚ್ಚು. ಕಚೇರಿಯ ರೋಹಿಣಿ ಮೇಡಂ ಪಕ್ಕದಲ್ಲಿ ನಿಂತಿದ್ದಳು. ಈ ಕಡೆಗೆ ಹೊಸದಾಗಿ ಬಂದ ಹುಡುಗಿ, ಮಾತೆಲ್ಲ ತೆಂಕಣದ ಕಡೆಯದು. ಅವಳ ಕೈಗೆ ಮೂಲೆಯ ಗಂಟು ಸಿಕ್ಕಿತು.

“ಏನಿದು ಒಳಗಡೆ?”

ಸುಭಾಷ ಹಲ್ಲಿನಿಂದ ದಾರ ಹರಿದ. ಜೋಳ ಅಂಗೈಗೆ ಬಿತ್ತು. ಇನ್ನೊಂದು ತೆಗೆದ. ಅದರಲ್ಲೂ ಜೋಳ.

“ಏ ಹುಚ್ಚ ರಂಡೇರಾ! ಕಾಳು, ಹುಳಾ ಪರದೇಶಕ್ಕ ಕಳಸ್ತೀರೇನು? ಬಂದರಿನಾಗ ಸಿಕ್ರ ಲಾರಿಗೆ ಲಾರಿನ ವಾಪಸ್ ಒಗೀತಾರ! ನಿಮ್ಮ ಹೊಲಸು ಬುದ್ಧಿ ಬಿಡಂಗಿಲ್ಲ ನೀವು.”

“ಹೊಲಸಲ್ಲಪಾ, ಅನ್ನದ ಕಾಳು ಅದು,” ಅಂದಳು ಉಡಚವ್ವ.

“ಬಾಯಿ ಮುಚ್ಚು ಮುದುಕಿ. ಎಲ್ಲಾ ಬಿಚ್ಚಿ ಝಾಡಿಸ್ರಿ. ಸಾಹೇಬರು ಬರೂದ್ರಾಗ.”

ರೋಹಿಣಿ ಮೇಡಂ ದನಿ ತಗ್ಗಿಸಿ ಹೇಳಿದಳು, “ನಿಯಮ ಇದೆ ಅಜ್ಜಿ. ಕಾಳು ಕಳಿಸುವ ಹಾಗಿಲ್ಲ. ದಯವಿಟ್ಟು ತೆಗೆದುಬಿಡಿ.”

ನಿಯಮದ ಮಾತು ಉಡಚವ್ವನಿಗೆ ಅರ್ಥವಾಯಿತು. ಕಾಳು ಹೋಗಬಾರದೆಂದರೆ ಬೇಡ. ತೆಗೆದರಾಯಿತು. ಎರಡನೆಯ ಸಲ ಅವಳು ಬ್ಲೇಡು ಹಿಡಿದು ಕುಳಿತಳು. ಬಿದ್ದ ಕಾಳನ್ನು ಉಡಿಯಲ್ಲಿ ಕಟ್ಟಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಸುಭಾಷ ಅವಳ ಕೈಯ ಮುಂದೆಯೇ ಜೋಳದ ಮೇಲೆ ಬೂಟು ಇಟ್ಟು ಮಣ್ಣಿಗೆ ಉಜ್ಜಿದ. “ಆರಿಸ್ಕೋತ ಕುಂದ್ರಬ್ಯಾಡ. ಲಗೂ ಲಗೂ.” ಅವನ ಬೂಟು ಅವಳ ಬೆರಳಿನ ತುದಿಯನ್ನೂ ಮೆಟ್ಟಿತು. ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಬೇರೇನೂ ಆಗುತ್ತಿರಲಿಲ್ಲ.

ಉಡಚವ್ವ ಬೆರಳು ಬಾಯಲ್ಲಿಟ್ಟುಕೊಂಡಳು. ಮಣ್ಣು, ರಕ್ತ, ಜೋಳದ ಹಿಟ್ಟು. ಇಷ್ಟು ವರ್ಷ ತಾಳಿಕೊಂಡವಳು. ಎಲ್ಲ ಮುಗಿಯುತ್ತದೆ, ಕೀಲಿ ಸಿಗುತ್ತದೆ ಎಂದು ಎಲ್ಲರಿಗೂ ಸಮಾಧಾನ ಹೇಳಿದವಳು. ಅವಳ ಒಳಗೆ ಏನೋ ಜಾಗ ಬಿಟ್ಟು ಸರಿಯಿತು.

ಸಾಹೇಬರು ಬಂದರು. ಹಾರ ಬಿದ್ದವು. ಶೆಡ್ಡಿನ ಹಿರಿಯಳೆಂದು ಮೊದಲನೆಯ ಕಂಬಳಿಯನ್ನು ಉಡಚವ್ವನೇ ಕೊಡಬೇಕು, ಮೊದಲನೆಯ ಕೀಲಿಯೂ ಅವಳಿಗೇ ಎಂದು ನಿಶ್ಚಯವಾಗಿತ್ತು. ಹೇಳಬೇಕಾದ ಮಾತನ್ನು ರೋಹಿಣಿ ಮೇಡಂ ಕಿವಿಯಲ್ಲಿ ಮತ್ತೊಮ್ಮೆ ಹೇಳಿಕೊಟ್ಟಳು. “‘ಸರಕಾರ ನಮ್ಮನ್ನು ಕಾಪಾಡಿತು, ನಾವು ಖುಷಿಯಿಂದ ಕೊಡುತ್ತಿದ್ದೇವೆ.’ ಇಷ್ಟೇ ಅಜ್ಜಿ. ಆಮೇಲೆ ಕೀಲಿ.”

ಉಡಚವ್ವ ವೇದಿಕೆ ಹತ್ತಿದಳು. ಕಂಬಳಿಯ ಚೀಲ ಚಾಚಿದಳು. ಸಾಹೇಬರು ನಗುತ್ತ ಹಿಡಿದರು. ಫೋಟೋದವರು ಮುಂದೆ ಬಂದರು. ಸಾಹೇಬರು ತಮ್ಮ ಕಡೆಗೆ ಎಳೆದುಕೊಂಡರು. ಚೀಲ ಬರಲಿಲ್ಲ. ಮತ್ತೆ ಎಳೆದರು.

“ಬಿಡವಾ,” ಅಂದರು, ಹಲ್ಲು ಕಾಣುತ್ತಲೇ.

“ಬಿಡಂಗಿಲ್ರಿ.”

ಮೈಕು ಹತ್ತಿರವಿತ್ತು. ಪೆಂಡಾಲಿಗೆಲ್ಲ ಕೇಳಿಸಿತು.

“ಇದನ್ನ ಹೊಚ್ಚಿಗೊಂಡ ನನ್ನ ಬಾಣಂತಿ ಮಗಳು ಚಳಿಗೆ ಸತ್ತಾಳ್ರಿ. ಗಾಳಿನ ತಡಿಯಂಗಿಲ್ಲ ಇದು. ಈಗ ಸೂಜಿ ತೂತು ಬಿದ್ದು ಜರಡಿ ಆಗೇತಿ. ಅಲ್ಲಿ ಬಯಲಾಗ ಬಿದ್ದ ಮಂದಿಗೆ ಇದನ್ನ ಕಳಸ್ತೀರಿ? ಗೋದಾಮಿಗೆ ಬಂದ ಉಣ್ಣಿ ಕಂಬಳಿ ಎಲ್ಲಿ ಹೋದ್ವು? ಅವನ್ನ ಕಳಸ್ರಿ. ನಾವು ಖುಷಿಲೇ ಕೊಟ್ಟಿಲ್ಲ. ನೀವು ಕಸಗೊಂಡೀರಿ. ಕಾಳು ಖುಷಿಲೇ ಕೊಟ್ಟಿದ್ವಿ, ಅದನ್ನ ತುಳದ್ರಿ.”

ಯಾರೋ ಮೈಕಿನ ವೈರು ಕಿತ್ತರು. ಇಬ್ಬರು ಮಹಿಳಾ ಪೊಲೀಸರು ಅವಳನ್ನು ರಟ್ಟೆ ಹಿಡಿದು ಕೆಳಗಿಳಿಸಿದರು. ಸಾಹೇಬರು ಇನ್ನೂ ನಗುತ್ತಲೇ ಇದ್ದರು. ವಯಸ್ಸಾದವರು, ಪಾಪ, ತಲೆ ಸರಿ ಇಲ್ಲ ಎಂದು ಪಕ್ಕದವರಿಗೆ ಹೇಳಿದರು. ಮೈಕು ಮತ್ತೆ ಚಾಲೂ ಆಯಿತು. ಮೊದಲನೆಯ ಕೀಲಿಗೆ ಬೇರೆ ಹೆಸರು ಕೂಗಿದರು.

ರಮಜಾನಬಿಯ ಹೆಸರು. ಅವಳು ಎದ್ದು ನಿಂತು ಉಡಚವ್ವನ ಕಡೆ ನೋಡಿದಳು. ಉಡಚವ್ವ ಹೋಗು ಎಂದು ಕೈ ಮಾಡಿದಳು. ಮನೆಯಲ್ಲಿ ತಸ್ಲೀಮಳ ಮಕ್ಕಳಿದ್ದವು. ರಮಜಾನಬಿ ಹೋಗಿ ಕೀಲಿ ಇಸಿದುಕೊಂಡಳು. ಉಳಿದವರೂ ಇಸಿದುಕೊಂಡರು. ಯಾರೂ ತಲೆ ಎತ್ತಲಿಲ್ಲ. ಕನಕಪ್ಪ ಲಾರಿಗೆ ಕಂಬಳಿ ಏರಿಸಿದ, ಅವನೂ ತಲೆ ಎತ್ತಲಿಲ್ಲ. ಲಾರಿ ಹಾವೇರಿಯ ಕಡೆಗೆ ಹೊರಟಿತು. ಚಪ್ಪಾಳೆ ಬಿದ್ದವು.

ಸಾಹೇಬರ ಕಾರು ಮರೆಯಾದ ಮೇಲೆ ಸುಭಾಷ ಒಂದು ಗೋಣಿಚೀಲ ಹಿಡಿದುಕೊಂಡು ಹೆಂಗಸರ ಎದುರಿಗೆ ಬಂದ.

“ಕೀಲಿ ಹಾಕ್ರಿ ಇದರಾಗ.”

“ಯಾಕ?” ಅಂದಳು ರಮಜಾನಬಿ.

“ಫೋಟೋಕ್ಕ ಕೊಟ್ಟಿದ್ದು ಅವು. ಮನಿ ಕೆಲಸ ಇನ್ನೂ ಬಾಕಿ ಐತಿ. ಆದ ಮ್ಯಾಲ ಕೊಡ್ತೇವಿ.”

“ಯಾವಾಗ?”

“ಆದಾಗ.”

ರಮಜಾನಬಿ ಮುಷ್ಟಿ ಬಿಗಿ ಮಾಡಿದಳು. “ನಮ್ಮ ಮನಿಯವನ ಲುಂಗಿ ಹರದು ನಿನಗ ಕಂಬಳಿ ಕೊಟ್ಟೇನಿ. ಈ ಕೀಲಿ ಬೇಕಂದ್ರ ನನ್ನ ಕೈ ಕಡದು ಒಯ್ಯಿ.”

ಅವಳ ಹಿಂದೆ ನಿಂತವರೂ ಮುಷ್ಟಿ ಬಿಗಿದರು. ಗೋಣಿಚೀಲಕ್ಕೆ ಒಂದು ಕೀಲಿಯೂ ಬೀಳಲಿಲ್ಲ. ಅಷ್ಟರಲ್ಲಿ ತಸ್ಲೀಮ್ ಏದುಸಿರು ಬಿಡುತ್ತ ಶೆಡ್ಡಿನ ಕಡೆಯಿಂದ ಓಡಿಬಂದಳು. “ಅತ್ತೀ, ಜೆಸಿಬಿ ತಂದಾರ! ಶೆಡ್ ಕೆಡವಾಕತ್ತಾರ! ಕೀಲಿ ಕೊಟ್ಟಾತಂತ, ಇನ್ನ ಶೆಡ್ ಬ್ಯಾಡಂತ!”

ಹೋಗಿ ನೋಡಿದರೆ ತಗಡುಗಳು ಆಗಲೇ ಟ್ರ್ಯಾಕ್ಟರಿನಲ್ಲಿದ್ದವು. ಗಡಿಗೆ, ದುಪ್ಪಟ್ಟಿ, ಹೊಟ್ಟೆ ಬಗೆದ ಕೌದಿಗಳ ಸೀರೆಗಳು ಬಯಲಲ್ಲಿ ಬಿದ್ದಿದ್ದವು. ಅಳುವವರು ಅತ್ತರು, ಬೈಯುವವರು ಬೈದರು. ಉಡಚವ್ವ ಎರಡೂ ಮಾಡಲಿಲ್ಲ. ಕೈಗೆ ಸಿಕ್ಕದ್ದನ್ನು ಗಂಟು ಕಟ್ಟಿದಳು, ತಲೆಯ ಮೇಲೆ ಇಟ್ಟುಕೊಂಡಳು, ದಿನ್ನೆ ಹತ್ತತೊಡಗಿದಳು. ಹಿಂದೆ ಹಿಂದೆ ಎಲ್ಲರೂ ಬಂದರು. ಕೂಸು ಹೆಗಲ ಮೇಲೆ, ಗಂಟು ತಲೆಯ ಮೇಲೆ, ಸಾಲುಗಟ್ಟಿ. ತಂತಿಬೇಲಿಯ ಕಾವಲುಗಾರ ಅಷ್ಟು ಜನರನ್ನು ಕಂಡು ಪಕ್ಕಕ್ಕೆ ಸರಿದ.

ರಸ್ತೆಗೆ ಕಾಣುವ ಮುಂದಿನ ಸಾಲಿನ ಮನೆಗಳಿಗೆ ಬಣ್ಣವಿತ್ತು. ಬಾಗಿಲಿತ್ತು. ಬೀಗ ಜಡಿದಿತ್ತು. ಹೆಂಗಸರು ತಮ್ಮ ಕೀಲಿ ಹಾಕಿ ತಿರುಗಿಸಿದರು. ಯಾವ ಕೀಲಿಯೂ ಯಾವ ಬೀಗಕ್ಕೂ ಹತ್ತಲಿಲ್ಲ. ಹಿಂದಿನ ಸಾಲುಗಳಿಗೆ ಹೋದರು. ಅಲ್ಲಿ ಗೋಡೆ ಇದ್ದವು, ಬಾಗಿಲು ಇರಲಿಲ್ಲ. ಕೆಲವಕ್ಕೆ ಮೇಲೆ ಆಕಾಶವಿತ್ತು. ನೆಲಕ್ಕೆ ಗಿಲಾವು ಇರಲಿಲ್ಲ, ಕಟ್ಟುವವರು ಉಗುಳಿದ ಎಲೆಯಡಿಕೆಯ ಕಲೆ ಇತ್ತು.

ರಮಜಾನಬಿ ಕೈಯಲ್ಲಿದ್ದ ಕೀಲಿ ನೋಡಿದಳು. ಉಡಚವ್ವನ ಬರಿಗೈ ನೋಡಿದಳು.

“ನನ್ನ ಕೂಡ ಇರು ಬಾ ಯಕ್ಕಾ.”

“ನಿಮ್ಮ ಮನಿ ಭರ್ತಿ ಐತಿ. ನನಗೂ ಒಂದು ನೋಡ್ಕೋತೇನಿ.”

ಅವಳು ಪಕ್ಕದ ಮನೆಯೊಳಗೆ ಕಾಲಿಟ್ಟಳು. ಕೀಲಿ ಬೇಕಾಗಲಿಲ್ಲ. ಗಂಟು ಇಳಿಸಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಹಸಿ ಸಿಮೆಂಟಿನ ಚಳಿ ಬೆನ್ನಿಗೆ ಹತ್ತಿತು.

ಸುಭಾಷ ಬೈಕಿನಲ್ಲಿ ಬಂದ. ಜೊತೆಗೆ ಇಬ್ಬರು ಪೊಲೀಸರು. ಮನೆ ಮನೆಯ ಮುಂದೆ ನಿಂತು ಕೂಗಿದ. ಯಾರೂ ಏಳಲಿಲ್ಲ. ಕಡೆಗೆ ಉಡಚವ್ವನ ಬಾಗಿಲಿಲ್ಲದ ಬಾಗಿಲಿಗೆ ಬಂದ.

“ಇವರನ್ನೆಲ್ಲಾ ಕೆಡಸಿದಾಕಿ ನೀನ. ಕೀಲಿನೂ ಇಲ್ಲ, ಯಾದಿಯಾಗ ಹೆಸರೂ ಇಲ್ಲ ನಿಂದು. ಏಳು, ಹೊರಗ ನಡಿ.”

ಉಡಚವ್ವ ಅವನ ಬೂಟನ್ನೊಮ್ಮೆ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಶೆಡ್ಡಿಗೆ ಬಂದಾಗಿನಿಂದ ಅವನ ಮುಖವನ್ನು ಹೀಗೆ ನೆಟ್ಟಗೆ ನೋಡಿರಲಿಲ್ಲ.

“ಹೊರಗ ಅಂದ್ರ ಎಲ್ಲಿಗೋ?” ಅಂದಳು.

ಅವನು ಬೆರಳು ಚಾಚಿ ದಿನ್ನೆಯ ಕೆಳಗೆ ತೋರಿಸಹೋದ. ಅಲ್ಲಿ ಕಡೆಯ ಶೆಡ್ಡಿನ ತಗಡನ್ನು ಜೆಸಿಬಿ ಮಡಚಿ ಹಾಕುತ್ತಿತ್ತು. ಕೈ ಅರ್ಧಕ್ಕೆ ನಿಂತಿತು.

“ಹೇಳೋ,” ಅಂದಳು ಉಡಚವ್ವ. “ಎಲ್ಲಿಗೆ?”